ವಾರ್ ಥಂಡರ್‌ನಲ್ಲಿ ಮ್ಯಾವೆರಿಕ್ ಹೊಡೆಯೋದು ಹೇಗೆ: ಹುಡುಕೋದೇ ಮುಕ್ಕಾಲು ಕೆಲಸ

ವಾರ್ ಥಂಡರ್ ಅನ್ನೋ ಯುದ್ಧದ ಆನ್‌ಲೈನ್ ಗೇಮಲ್ಲಿ ಅಮೆರಿಕದ ವಿಮಾನಗಳ ಲೈನ್ ಹಿಡಿದು ಕಷ್ಟಪಟ್ಟು ಎ-10 ಅಥವಾ ಎಫ್-16 ತನಕ ಬಂದು, ಮೊದಲ ಸಲ ವಿಮಾನದಿಂದ ಟ್ಯಾಂಕ್ ಹೊಡೆಯೋ ಎಜಿಎಂ-65 ಮ್ಯಾವೆರಿಕ್ ಮಿಸೈಲ್ ಹಾಕ್ಕೊಂಡು, ಟ್ಯಾಂಕು ವಿಮಾನ ಎರಡೂ ಇರೋ ಗ್ರೌಂಡ್ ರಿಯಲಿಸ್ಟಿಕ್ ಮ್ಯಾಚಿಗೆ ಹೋದೋರು ಸುಮಾರಾಗಿ ಒಂದೇ ದೂರು ಹೇಳ್ತಾರೆ. ಲಾಕ್ ಏನೋ ಆಗುತ್ತೆ, ಬಟನ್ ಒತ್ತಿದ್ರೆ ಮಿಸೈಲ್ ಹೋಗುತ್ತೆ, ಆದ್ರೆ ಟ್ಯಾಂಕ್ ಪಕ್ಕದ ಮಣ್ಣಿಗೆ ಬೀಳುತ್ತೆ, ಅಷ್ಟೊತ್ತಿಗೆ ಕೆಳಗಿಂದ ಇನ್ನೊಂದು ಮಿಸೈಲ್ ಬಂದು ವಿಮಾನಾನೇ ಹೋಗಿರುತ್ತೆ. ಮ್ಯಾವೆರಿಕ್ ವೇಸ್ಟು, ರಷ್ಯಾದ್ದೇ ಚೆನ್ನಾಗಿದೆ ಅನ್ನೋ ತೀರ್ಮಾನ ಅಲ್ಲಿಂದ ಶುರು ಆಗುತ್ತೆ. ನಾನು ಇದನ್ನ ಒಪ್ಪಲ್ಲ. ಮ್ಯಾವೆರಿಕ್ ತುಂಬಾ ನಂಬಿಕಸ್ಥ ಆಯುಧ, ಆದ್ರೆ ಅದು ಬಟನ್ ಒತ್ತಿದ ಮೇಲೆ ಮಾಡೋ ಕೆಲಸ ಕಮ್ಮಿ, ಒತ್ತೋಕೆ ಮುಂಚೆ ನೀವು ಮಾಡ್ಬೇಕಾದ ಕೆಲಸ ಜಾಸ್ತಿ. ಎಲ್ಲಿ ನೋಡ್ಬೇಕು ಅಂತ ಗೊತ್ತಿದ್ದು ಹೋದೋರಿಗೆ ಇದು ಕೈ ಕೊಡಲ್ಲ, ಮೇಲೆ ಹೋಗಿ ನೋಡ್ಕೊಳ್ಳೋಣ ಅಂತ ಹೋದೋರಿಗೆ ಯಾವತ್ತೂ ಕೈ ಕೊಡುತ್ತೆ.

ಮೊದಲು ಇದು ಏನು ಅಂತ ಸ್ವಲ್ಪ ತಿಳ್ಕೊಳ್ಳೋಣ, ಯಾಕಂದ್ರೆ ಗೇಮಲ್ಲಿ ಅದು ಹಂಗ್ಯಾಕೆ ಆಡುತ್ತೆ ಅನ್ನೋದು ಅಸಲಿ ಮಿಸೈಲ್ ಕೆಲಸ ಮಾಡೋ ರೀತಿಯಲ್ಲೇ ಇದೆ. ಮ್ಯಾವೆರಿಕ್ ಮಾಡಿದ್ದು ಅಮೆರಿಕದ ಹ್ಯೂಸ್ ಕಂಪನಿ, ಅಮೆರಿಕದ ವಾಯುಪಡೆಗೆ ಬಂದಿದ್ದು 1972ರಲ್ಲಿ, 1973ರ ಯುದ್ಧದಲ್ಲಿ ಇಸ್ರೇಲ್ ಕೂಡ ಬಳಸ್ತು. ಮೂಗಿನ ತುದೀಲಿ ಗಾಜು, ಅದರ ಹಿಂದೆ ಒಂದು ಟಿವಿ ಕ್ಯಾಮೆರಾ, ಟಾರ್ಗೆಟ್ ನೋಡೋ ಈ ಭಾಗಕ್ಕೇ ಸೀಕರ್ ಅನ್ನೋದು. ಕ್ಯಾಮೆರಾದ ಚಿತ್ರ ಕಾಕ್‌ಪಿಟ್‌ನಲ್ಲಿರೋ ಸಣ್ಣ ಸ್ಕ್ರೀನಲ್ಲಿ ಬರುತ್ತೆ, ಪೈಲಟ್ ಆ ಚಿತ್ರದಲ್ಲಿ ಒಂದು ಕಪ್ಪು ಚುಕ್ಕೇನೋ ಬಿಳಿ ಚುಕ್ಕೇನೋ ಹಿಡಿದು ಲಾಕ್ ಮಾಡ್ತಾನೆ, ಬಿಟ್ಟ ಮೇಲೆ ಮಿಸೈಲ್ ಆ ಚುಕ್ಕೇನ ತಾನೇ ನೋಡ್ಕೊಂಡು ಹೋಗುತ್ತೆ. ಅಂದ್ರೆ ಅದು ನೋಡೋದು ಟ್ಯಾಂಕನ್ನಲ್ಲ, ಹಿಂದಿರೋ ನೆಲಕ್ಕೂ ಆ ವಸ್ತುಗೂ ಇರೋ ಕಾಂಟ್ರಾಸ್ಟನ್ನ. ಮರಳಿನ ಮೇಲೆ ನಿಂತಿರೋ ಟ್ಯಾಂಕ್ ಸುಲಭ, ಮರದ ನೆರಳಲ್ಲಿ ನಿಂತಿರೋದು ಕಷ್ಟ, ಯಾಕೆ ಅಂತ ಇಲ್ಲೇ ಗೊತ್ತಾಗುತ್ತೆ.

ಎ ಮಾಡೆಲ್ ಕ್ಯಾಮೆರಾ ನೋಡೋ ಕೋನ 5 ಡಿಗ್ರಿ, ಬಿ ಮಾಡೆಲಲ್ಲಿ ಅದನ್ನ 2.5 ಡಿಗ್ರಿಗೆ ಇಳಿಸಿದ್ರು. ಹಂಗಾಗಿ ಬಿ ನಲ್ಲಿ ಟ್ಯಾಂಕ್ ಎರಡರಷ್ಟು ದೊಡ್ಡದಾಗಿ ಕಾಣುತ್ತೆ, ಇನ್ನೂ ದೂರದಿಂದ ಲಾಕ್ ಮಾಡ್ಬೋದು, ಆದ್ರೆ ಒಂದ್ಸಲಕ್ಕೆ ಕಾಣೋ ಜಾಗ ಕಮ್ಮಿ. ಡಿ ಮಾಡೆಲಲ್ಲಿ ಟಿವಿ ಬದಲು ಶಾಖ ನೋಡೋ ಇನ್‌ಫ್ರಾರೆಡ್ ಸೀಕರ್ ಬಂತು, ಹಗಲು ರಾತ್ರಿ ಎರಡೂ ನಡೆಯುತ್ತೆ, ಅಗಲ ಮತ್ತು ಕಿರಿದು ಅಂತ ಎರಡು ಝೂಮೂ ಇದೆ. ಜಿ ಮಾಡೆಲಲ್ಲಿ ಸೀಕರ್ ಇನ್‌ಫ್ರಾರೆಡ್ಡೇ, ಸಿಡಿತಲೆ ದೊಡ್ಡದು, 136 ಕೆಜಿ. ಎ, ಬಿ, ಡಿ ಮೂರರಲ್ಲೂ ಇರೋದು 57 ಕೆಜಿ ಸಿಡಿತಲೆ, ಅದೂ ರಕ್ಷಾಕವಚ ತೂತು ಮಾಡೋಕೆ ಮಾಡಿರೋ ಶೇಪ್ಡ್ ಚಾರ್ಜ್. ಈ ಸಂಖ್ಯೆ ಮನಸಲ್ಲಿಟ್ಕೊಳ್ಳಿ. ಸೋವಿಯತ್ ಕಡೆಯ ಖಾ-29ಟಿ ಮಿಸೈಲಿನ ಸಿಡಿತಲೆ 300 ಕೆಜಿ ದಾಟುತ್ತೆ, ಅದು ಟ್ಯಾಂಕ್ ಪಕ್ಕ ಬಿದ್ರೂ ಟ್ಯಾಂಕ್ ಉಳಿಯೋದು ಕಷ್ಟ. ಮ್ಯಾವೆರಿಕ್ ಡಿ ತನಕ ಹಂಗಲ್ಲ, ಅದು ಟ್ಯಾಂಕಿಗೇ ತಾಗ್ಬೇಕು. ಪಕ್ಕದ ಮಣ್ಣಿಗೆ ಬಿದ್ರೆ ಟ್ರ್ಯಾಕ್ ಹೋಗ್ಬೋದು, ಕೆಲವೊಮ್ಮೆ ಏನೂ ಆಗಲ್ಲ. ಆದ್ರೆ ಒಂದು ಎ-10 ಆರು ಮ್ಯಾವೆರಿಕ್ ಹೊರುತ್ತೆ, ಅಷ್ಟು ಖಾ-29 ಹೊರೋದು ಸುಲಭ ಅಲ್ಲ. ಆ ಲೆಕ್ಕದಲ್ಲಿ ಇದು ಒಂದೊಂದು ಟ್ಯಾಂಕಿಗೆ ಒಂದೊಂದು ಅಂತ ಎಣಿಸಿ ಹೊಡೆಯೋ ಆಯುಧ.

ಈಗ ಗೇಮಿಗೆ ಬರೋಣ. ಮ್ಯಾವೆರಿಕ್ ವಿಮಾನ ತಗೊಂಡ ತಕ್ಷಣ ಸಿಗಲ್ಲ, ಮಾಡಿಫಿಕೇಶನ್‌ನಲ್ಲಿ ರಿಸರ್ಚ್ ಮಾಡ್ಬೇಕು, ಮಾಡಿದ ಮೇಲೆ ಸೆಕೆಂಡರಿ ವೆಪನ್ಸ್‌ನಲ್ಲಿ ನಿಮ್ಮದೇ ಲೋಡೌಟ್, ಅಂದ್ರೆ ವಿಮಾನ ಹೊರೋ ಆಯುಧಗಳ ಸೆಟ್, ಮಾಡ್ಕೊಳ್ಳಿ. ರೆಡಿ ಲೋಡೌಟುಗಳನ್ನ ನೆಚ್ಕೋಬೇಡಿ, ಅದ್ರಲ್ಲಿ ಬೇಡದ ಬಾಂಬು ರಾಕೆಟ್ಟೆಲ್ಲ ಸೇರಿ ವಿಮಾನ ಭಾರ ಆಗಿರುತ್ತೆ. ಮ್ಯಾವೆರಿಕ್, ಶತ್ರು ವಿಮಾನಕ್ಕೆ ಎರಡು ಸೈಡ್‌ವೈಂಡರ್ ಮಿಸೈಲ್, ಜಾಗ ಇದ್ರೆ ಫ್ಲೇರ್ ಪಾಡ್, ಅಷ್ಟು ಸಾಕು. ಶಾಖ ನೋಡಿ ಬರೋ ಮಿಸೈಲಿನ ದಾರಿ ತಪ್ಪಿಸೋಕೆ ಫ್ಲೇರ್, ರೇಡಾರಿನ ದಾರಿ ತಪ್ಪಿಸೋಕೆ ಚಾಫ್, ಎರಡೂ ಸೇರಿಸಿ ಹಾಕ್ಕೊಳ್ಳಿ, ಒಂದನ್ನೇ ತುಂಬಿಸ್ಕೊಂಡು ಹೋಗ್ಬೇಡಿ.

ಕೀ ಬೈಂಡಿಂಗ್ ಬಗ್ಗೆ ಎಷ್ಟು ಹೇಳಿದ್ರೂ ಸಾಲದು. ಬಹಳ ಜನರಿಗೆ ಲಾಕ್ ಆಗದೇ ಇರೋಕೆ ಕಾರಣ ಬೇಕಾದ ಕೀಗಳನ್ನ ಅವರು ಸೆಟ್ಟೇ ಮಾಡಿರಲ್ಲ. ಕಂಟ್ರೋಲ್ಸ್‌ಗೆ ಹೋಗಿ ವಿಮಾನದ ಆಯುಧಗಳ ಭಾಗ ತೆಗೀರಿ, ನಾಲ್ಕು ಕೆಲಸಕ್ಕೆ ನಾಲ್ಕು ಕೀ ಬೇಕು: ಸೆಕೆಂಡರಿ ಆಯುಧ ಬದಲಾಯಿಸೋಕೆ, ಸೀಕರ್ ಅಥವಾ ಟಾರ್ಗೆಟಿಂಗ್ ಕ್ಯಾಮೆರಾ ಒಳಗೆ ಹೋಗೋಕೆ, ಕ್ಯಾಮೆರಾ ನೋಡ್ತಿರೋ ಜಾಗದಲ್ಲಿ ಪಾಯಿಂಟ್ ಹಿಡಿಯೋಕೆ, ಆಮೇಲೆ ಬಿಡೋಕೆ. ಇವನ್ನ ಎಡಗೈ ಬೆರಳು ಡಬ್ಲ್ಯೂ-ಎ-ಎಸ್-ಡಿ ಬಿಡದೇ ಮುಟ್ಟೋ ಜಾಗದಲ್ಲಿ ಇಟ್ಕೊಳ್ಳಿ, ಮೌಸಲ್ಲಿ ಸೈಡ್ ಬಟನ್ ಇದ್ರೆ ಪಾಯಿಂಟ್ ಹಿಡಿಯೋದನ್ನ ಅಲ್ಲಿಗೆ ಕೊಡಿ. ಝೂಮಿಗೂ ಒಂದು ಕೀ ಇರ್ಲಿ. ಕೀಬೋರ್ಡ್ ನೋಡಿ ಹುಡುಕೋ ಅಷ್ಟರಲ್ಲಿ ವಿಮಾನ ಒಂದು ಕಿಲೋಮೀಟರ್ ಮುಂದೆ ಹೋಗಿರುತ್ತೆ, ಆ ಒಂದು ಕಿಲೋಮೀಟರೇ ಸಾವು ಬದುಕಿನ ವ್ಯತ್ಯಾಸ.

ಇಷ್ಟು ಮಾಡಿದ ಮೇಲೆ ಟೆಸ್ಟ್ ಫ್ಲೈಟಿಗೆ ಹೋಗಿ. ದುಡ್ಡು ಖರ್ಚಿಲ್ಲ, ಕೆಳಗೆ ನಿಂತಿರೋ ಟಾರ್ಗೆಟ್ಟೂ ಇದೆ, ಓಡಾಡೋ ಟಾರ್ಗೆಟ್ಟೂ ಇದೆ. ಇಲ್ಲಿ ಕಲೀಬೇಕಾದ್ದು ಮುಖ್ಯವಾಗಿ ಒಂದೇ ವಿಷಯ, ಎರಡು ತರದ ಲಾಕಿನ ವ್ಯತ್ಯಾಸ. ಸೀಕರ್ ಕ್ಯಾಮೆರಾದಲ್ಲಿ ನೀವು ಎಲ್ಲಿ ಒತ್ತಿದ್ರೂ ಅದು ಏನನ್ನೋ ಹಿಡ್ಕೊಳ್ಳುತ್ತೆ. ದೂರದಿಂದ ಒತ್ತಿದ್ರೆ ಅದು ಹಿಡಿಯೋದು ನೆಲದ ಮೇಲಿನ ಒಂದು ಜಾಗವನ್ನ, ಅದು ಪಾಯಿಂಟ್ ಲಾಕ್. ಹತ್ತಿರ ಬಂದು, ಟ್ಯಾಂಕ್ ಚಿತ್ರದಲ್ಲಿ ಸಾಕಷ್ಟು ದೊಡ್ಡದಾದ ಮೇಲೆ ಒತ್ತಿದ್ರೆ ಟ್ಯಾಂಕನ್ನೇ ಹಿಡಿಯುತ್ತೆ, ಅದು ಟಾರ್ಗೆಟ್ ಲಾಕ್. ಯಾವುದು ಆಗಿದೆ ಅನ್ನೋದನ್ನ ಎಚ್‌ಯುಡಿ, ಅಂದ್ರೆ ಸ್ಕ್ರೀನ್ ಮೇಲೆ ಬರೋ ಮಾಹಿತಿ, ತೋರಿಸುತ್ತೆ, ಆದ್ರೆ ಅವಸರದಲ್ಲಿ ಯಾರೂ ಅದನ್ನ ನೋಡಲ್ಲ. ಮಣ್ಣಿಗೆ ಬಿತ್ತು ಅನ್ನೋ ದೂರಿನಲ್ಲಿ ಬಹುಪಾಲು ಇದೇ. ಮಿಸೈಲ್ ತಪ್ಪಿಲ್ಲ, ಅದಕ್ಕೆ ಹೇಳಿದ ಮಣ್ಣಿಗೇ ಕರೆಕ್ಟಾಗಿ ಹೋಗಿದೆ, ಅಷ್ಟೊತ್ತಿಗೆ ಟ್ಯಾಂಕ್ ಹತ್ತು ಮೀಟರ್ ಮುಂದೆ ಹೋಗಿದೆ.

ಟೆಸ್ಟ್ ಫ್ಲೈಟಲ್ಲಿ ಹಿಂಗೆ ಮಾಡಿ ನೋಡಿ. ಓಡಾಡ್ತಿರೋ ಒಂದು ಟಾರ್ಗೆಟ್ ಆರಿಸ್ಕೊಳ್ಳಿ, ದೂರದಲ್ಲೇ ಅದರ ಮೇಲೆ ಪಾಯಿಂಟ್ ಹಾಕಿ, ಬಿಡ್ಬೇಡಿ, ಸುಮ್ನೆ ನೋಡ್ತಾ ಮುಂದೆ ಹೋಗಿ. ಟ್ಯಾಂಕ್ ಕ್ರಾಸ್‌ಹೇರಿಂದ ಜಾರ್ಕೊಂಡು ಪಕ್ಕಕ್ಕೆ ಹೋಗೋದು ಕಾಣುತ್ತೆ, ಕ್ರಾಸ್‌ಹೇರ್ ಮಾತ್ರ ನೆಲಕ್ಕೆ ಅಂಟ್ಕೊಂಡಿರುತ್ತೆ. ಮತ್ತೆ ಕ್ರಾಸ್‌ಹೇರ್ ತಂದು ಟ್ಯಾಂಕ್ ಮೇಲೆ ಇಟ್ಟು ಒತ್ತಿ, ಮತ್ತೆ ಜಾರುತ್ತೆ, ಮತ್ತೆ ಒತ್ತಿ. ಒಂದು ದೂರಕ್ಕೆ ಬಂದಾಗ ಕ್ರಾಸ್‌ಹೇರ್ ಟಕ್ ಅಂತ ಟ್ಯಾಂಕಿಗೆ ಕೂತು ಅದರ ಜೊತೇಲೇ ಓಡೋಕೆ ಶುರು ಮಾಡುತ್ತೆ. ಆಗ ಎಚ್‌ಯುಡಿನಲ್ಲಿ ದೂರ ಎಷ್ಟಿದೆ ನೋಡಿ ಬರೆದಿಟ್ಕೊಳ್ಳಿ. ಎ ಗೆ ಒಂದು ದೂರ, ಬಿ ಗೆ ಇನ್ನೊಂದು, ಡಿ ಗೆ ಮತ್ತೊಂದು. ಕಾಗದದ ಮೇಲೆ ಮ್ಯಾವೆರಿಕ್ ರೇಂಜ್ 22 ಕಿಲೋಮೀಟರ್ ಅಂತ ಇರ್ಬೋದು, ನಿಮಗೆ ಬೇಕಿರೋ ರೇಂಜ್ ಅದಲ್ಲ, ಸೀಕರ್ ಟ್ಯಾಂಕನ್ನ ಟ್ಯಾಂಕ್ ಅಂತ ಹಿಡಿಯೋ ದೂರವೇ ನಿಮ್ಮ ನಿಜವಾದ ರೇಂಜ್. ಅಪ್‌ಡೇಟ್ ಬಂದಾಗ ಇದು ಬದಲಾಗ್ಬೋದು, ದೊಡ್ಡ ಅಪ್‌ಡೇಟ್ ಆದ ಮೇಲೆ ಒಂದ್ಸಲ ಹೋಗಿ ಮತ್ತೆ ನೋಡ್ಕೊಂಡು ಬನ್ನಿ.

ಪಾಯಿಂಟ್ ಲಾಕ್ ಉಪಯೋಗಕ್ಕೆ ಬರಲ್ಲ ಅಂತಲ್ಲ. ಅಲ್ಲಾಡದೇ ನಿಂತಿರೋ ಗಾಡಿಗೆ, ಮುಖ್ಯವಾಗಿ ಒಂದೇ ಜಾಗದಲ್ಲಿ ಕೂತು ರೇಡಾರ್ ತಿರುಗಿಸ್ತಿರೋ ಎಎ (ವಿಮಾನ ಹೊಡೆದುರುಳಿಸೋ) ಗಾಡಿಗೆ ಪಾಯಿಂಟ್ ಲಾಕಲ್ಲೇ ದೂರದಿಂದ ಹೊಡೀಬೋದು, ಕ್ರಾಸ್‌ಹೇರ್ ಕರೆಕ್ಟಾಗಿ ಅದರ ಮಧ್ಯಕ್ಕೆ ಇರ್ಬೇಕು ಅಷ್ಟೆ. ಇನ್ನೊಂದು ಉಪಯೋಗ, ದೂರದಲ್ಲೇ ಒಂದು ಪಾಯಿಂಟ್ ಹಾಕಿಟ್ರೆ ಸೀಕರ್ ಆ ಜಾಗವನ್ನ ಬಿಡದೇ ನೋಡ್ತಿರುತ್ತೆ, ನೀವು ಹತ್ತಿರ ಬಂದ ಮೇಲೆ ಅಲ್ಲಿಂದ ಸ್ವಲ್ಪ ಸರಿಸಿ ಟ್ಯಾಂಕ್ ಹಿಡಿಯೋದು ಸುಲಭ. ನಾನು ಯಾವಾಗ್ಲೂ ಮಾಡೋದು ಇದನ್ನೇ.

ಈಗ ಹುಡುಕೋ ವಿಷಯ, ಈ ಬರಹ ಬರೆಯೋಕೆ ಕೂತಿದ್ದೇ ಇದಕ್ಕೆ. ಗ್ರೌಂಡ್ ರಿಯಲಿಸ್ಟಿಕ್‌ನಲ್ಲಿ ಮೇಲಿಂದ ನೋಡೋನಿಗೆ ಶತ್ರು ಟ್ಯಾಂಕ್ ಮೇಲೆ ಕೆಂಪು ಹೆಸರು ಬರಲ್ಲ, ಕಣ್ಣಲ್ಲೇ ಹುಡುಕ್ಬೇಕು. ಸೀಕರ್ ಕ್ಯಾಮೆರಾ ತೆಗೆದು ಇಡೀ ಮ್ಯಾಪ್ ಗುಡಿಸೋಕೆ ಹೋದ್ರೆ ಸ್ಟ್ರಾ ಒಳಗಿಂದ ಊರು ನೋಡಿದ ಹಾಗೆ, ಏನೂ ಸಿಗಲ್ಲ. 1991ರ ಗಲ್ಫ್ ಯುದ್ಧದಲ್ಲಿ 5,000ಕ್ಕೂ ಹೆಚ್ಚು ಮ್ಯಾವೆರಿಕ್ ಹಾರಿಸಿದ್ರು, ಹೆಚ್ಚಿನವು ಎ-10ಗಳಿಂದ. ಆಗ ಎ-10ಗೆ ಬೇರೆ ನೈಟ್ ಕ್ಯಾಮೆರಾ ಇರ್ಲಿಲ್ಲ, ಪೈಲಟ್‌ಗಳು ರಾತ್ರಿ ಹೊತ್ತು ಡಿ ಮಾಡೆಲ್ ಸೀಕರನ್ನೇ ಕಣ್ಣಾಗಿ ಮಾಡ್ಕೊಂಡು ಮರುಭೂಮೀಲಿ ಟ್ಯಾಂಕ್ ಹುಡುಕ್ತಿದ್ರು. ಅಷ್ಟು ಕಿರಿದಾದ ಕೋನದಲ್ಲಿ ಹುಡುಕೋದು ಅವರಿಗೂ ನಿಧಾನದ ಕೆಲಸವೇ ಆಗಿತ್ತು. ನಮ್ಮ ಕೈಲಿ ಮ್ಯಾಚಲ್ಲಿ ಅಷ್ಟು ಟೈಮಿಲ್ಲ. ಹಂಗಾಗಿ ಸೀಕರ್ ತೆಗೆಯೋಕೆ ಮುಂಚೆನೇ ಉತ್ತರ ಗೊತ್ತಿರ್ಬೇಕು.

ಉತ್ತರ ಸಿಗೋದು ನೆಲದ ಮೇಲೆ. ಮ್ಯಾಚ್ ಶುರುವಾದಾಗ ಮೊದಲು ಟ್ಯಾಂಕಲ್ಲಿ ಹೋಗ್ತೀರಲ್ಲ, ಆವಾಗ್ಲೇ ನೋಡಿಟ್ಕೊಳ್ಳಿ ನಿಮ್ಮನ್ನ ಯಾರು ಎಲ್ಲಿಂದ ಹೊಡೆದ್ರು ಅಂತ. ಸತ್ತ ಮೇಲೆ ಕಿಲ್ ಕ್ಯಾಮೆರಾದಲ್ಲಿ ಅವನು ನಿಂತಿದ್ದ ಕಲ್ಲು, ಮನೆ, ಗುಡ್ಡ ಎಲ್ಲ ಕಾಣುತ್ತೆ. ಬಹಳ ಜನ ಅದನ್ನ ಸ್ಕಿಪ್ ಮಾಡ್ತಾರೆ, ಮಾಡ್ಬೇಡಿ. ಒಳ್ಳೆ ಜಾಗ ಸಿಕ್ಕಿದ ಸ್ನೈಪರ್ ಅಲ್ಲಿಂದ ಕದಲಲ್ಲ, ನೀವು ವಿಮಾನ ತಗೊಂಡು ಬರೋ ಹೊತ್ತಿಗೂ ಅಲ್ಲೇ ಇರ್ತಾನೆ. ಆಮೇಲೆ ಮಿನಿಮ್ಯಾಪ್ ನೋಡಿ, ನಮ್ಮ ಕಡೆಯ ಟ್ಯಾಂಕುಗಳು ಎಲ್ಲಿ ಸಾಲಾಗಿ ನಿಂತು ಮುಂದೆ ಹೋಗೋಕಾಗದೇ ಒದ್ದಾಡ್ತಿದಾವೋ ಅದರ ಎದುರಿಗೆ ಯಾರೋ ಇದ್ದೇ ಇದಾರೆ. ವಶಪಡಿಸ್ಕೋಬೇಕಾದ ಜಾಗ, ಅಂದ್ರೆ ಕ್ಯಾಪ್ ಪಾಯಿಂಟ್, ಅವರ ಬಣ್ಣಕ್ಕೆ ತಿರುಗ್ತಾ ಇದ್ರೆ ಆ ವೃತ್ತದೊಳಗೆ ಒಬ್ಬ ಇದಾನೆ. ಲೈಟ್ ಟ್ಯಾಂಕಲ್ಲಿರೋ ನಮ್ಮೋರು ಸ್ಕೌಟ್ ಮಾಡಿ ಗುರುತು ಹಾಕಿದ್ರೆ ಅದು ಚಿನ್ನ. ಸ್ಕ್ವಾಡಲ್ಲಿ ಫ್ರೆಂಡ್ಸ್ ಇದ್ರೆ ಒಬ್ಬ ಕೆಳಗಿದ್ದು ಮ್ಯಾಪಲ್ಲಿ ಪಿಂಗ್ ಮಾಡ್ಲಿ, ಡಿಸ್ಕಾರ್ಡಲ್ಲಿ ಕನ್ನಡದಲ್ಲೇ ಸೀದಾ ಹೇಳ್ಲಿ, ಕೆಂಪು ಹೆಂಚಿನ ಮನೆ ಎಡಗಡೆ, ಮೂತಿ ರೋಡಿಗೆ ಅಂತ. ಇಷ್ಟು ಸಿಕ್ರೆ ಮೇಲಿರೋನಿಗೆ ಅರ್ಧ ನಿಮಿಷದ ಕೆಲಸ.

ಮೇಲಿಂದ ಬರಿಗಣ್ಣಲ್ಲಿ ನೋಡೋವಾಗ ಟ್ಯಾಂಕಿನ ಆಕಾರ ಹುಡುಕ್ಬೇಡಿ, ಅದು ಮಾಡೋ ಗುರುತು ಹುಡುಕಿ. ಒಣ ಮ್ಯಾಪಲ್ಲಿ ಓಡೋ ಗಾಡಿ ಹಿಂದೆ ಧೂಳು ಏಳುತ್ತೆ, ಹೊಡೆದಾಗ ಬಾಯಿಂದ ಬೆಂಕಿ ಹೊಳೆದು ಹೊಗೆ ಬರುತ್ತೆ, ಟ್ರೇಸರ್ ಗುಂಡು ಎಲ್ಲಿಂದ ಹೊರಟು ಎಲ್ಲಿಗೆ ಹೋಯ್ತು ಅಂತ ಗೆರೆ ಕಾಣುತ್ತೆ. ಆ ಗೆರೆಯ ಹಿಂದಿನ ತುದೀಲಿ ನಿಮ್ಮ ಟಾರ್ಗೆಟ್ ಇದೆ. ಸಿನಾಯ್, ಟುನಿಷಿಯಾ, ರೆಡ್ ಡೆಸರ್ಟ್ ತರದ ಮ್ಯಾಪ್ ಬಂದ್ರೆ ಮ್ಯಾವೆರಿಕ್‌ಗೆ ಹಬ್ಬ, ಬಯಲು ಜಾಗ, ತಿಳಿ ಬಣ್ಣದ ನೆಲ, ಟ್ಯಾಂಕ್ ಎದ್ದು ಕಾಣುತ್ತೆ. ಕರೇಲಿಯಾದಲ್ಲಿ ಬಂಡೆ, ಮರ, ಕಿರಿದಾದ ಸಂದುಗಳು, ಅಲ್ಲಿ ಟಿವಿ ಸೀಕರ್ ತಗೊಂಡು ಹೋಗೋದು ತಲೆನೋವು, ಡಿ ಇದ್ರೆ ಪರವಾಗಿಲ್ಲ. ಅಡ್ವಾನ್ಸ್ ಟು ದಿ ರೈನ್ ತರದ ಊರಿನ ಮ್ಯಾಪಲ್ಲಿ ಮನೆಗಳೇ ಗೋಡೆ, ಅಲ್ಲಿ ರೋಡಿನ ಉದ್ದಕ್ಕೆ ಬರ್ಬೇಕು, ಅಡ್ಡಡ್ಡ ಬಂದ್ರೆ ಟ್ಯಾಂಕ್ ಒಂದು ಸೆಕೆಂಡ್ ಕಾಣುತ್ತೆ, ಮತ್ತೆ ಮನೆ ಹಿಂದೆ ಹೋಗುತ್ತೆ, ಲಾಕ್ ಒಡೆಯುತ್ತೆ.

ಒಂದು ರನ್ ಪೂರ್ತಿ ಹೇಗಿರುತ್ತೆ ಅಂತ ಹೇಳ್ತೀನಿ, ಎ-10 ಲೆಕ್ಕದಲ್ಲಿ. ಸ್ಪಾನ್ ಆದ, ಅಂದ್ರೆ ವಿಮಾನದಲ್ಲಿ ಮ್ಯಾಚಿಗೆ ಇಳಿದ, ತಕ್ಷಣ ನೇರ ಯುದ್ಧದ ಕಡೆ ಮೂತಿ ಇಟ್ಟು ಫುಲ್ ಥ್ರಾಟಲ್ ಹೋಗೋದು ತಪ್ಪು. ಪಕ್ಕಕ್ಕೆ ತಿರುಗಿ, ಮ್ಯಾಪಿನ ಅಂಚು ಹಿಡಿದು ಸ್ವಲ್ಪ ಎತ್ತರ ತಗೊಳ್ಳಿ, ಈ ಹೊತ್ತಲ್ಲಿ ಮಿನಿಮ್ಯಾಪ್ ನೋಡಿ ಯಾವ ಟಾರ್ಗೆಟ್ ಅಂತ ತೀರ್ಮಾನ ಮಾಡಿ. ಒಂದೇ ಟಾರ್ಗೆಟ್, ಮೂರಲ್ಲ. ಆಮೇಲೆ ಆ ಕಡೆ ತಿರುಗಿ, ವಿಮಾನನ ನೇರ ಮಾಡಿ, ಮೂತಿ ಕೂದಲೆಳೆಯಷ್ಟು ಮೇಲೆ ಇಟ್ಟು ಆಮೇಲೆ ಮಾತ್ರ ಸೀಕರ್ ಕ್ಯಾಮೆರಾ ಒಳಗೆ ಹೋಗಿ. ಇದು ಯಾಕಂದ್ರೆ ಕ್ಯಾಮೆರಾದೊಳಗೆ ಇದ್ದಾಗ ನಿಮ್ಮ ವಿಮಾನ ಎಲ್ಲಿಗೆ ಹೋಗ್ತಿದೆ ಅಂತ ನಿಮಗೆ ಕಾಣಲ್ಲ, ಕೆಳಗೆ ಮೂತಿ ಇಟ್ಟು ಒಳಗೆ ಹೋದೋರು ಟ್ಯಾಂಕ್ ನೋಡ್ತಾ ನೋಡ್ತಾ ಗುಡ್ಡಕ್ಕೆ ಹೋಗಿ ಸೇರ್ತಾರೆ. ಒಳಗೆ ಹೋದ ಮೇಲೆ ಮೊದಲು ದೊಡ್ಡ ಗುರುತು ಹುಡುಕಿ, ರೋಡ್ ತಿರುವು, ಚರ್ಚು, ಸೇತುವೆ, ಅಲ್ಲಿಂದ ಲೆಕ್ಕ ಹಾಕಿ ಟಾರ್ಗೆಟ್ ಇರೋ ಜಾಗಕ್ಕೆ ಕ್ರಾಸ್‌ಹೇರ್ ತಂದು ಪಾಯಿಂಟ್ ಹಾಕಿ. ಒಂದ್ಸಲ ಕ್ಯಾಮೆರಾದಿಂದ ಹೊರಗೆ ಬಂದು ಎತ್ತರ, ಸುತ್ತ ಯಾರಿದಾರೆ, ಶತ್ರು ರೇಡಾರ್ ಬಿದ್ರೆ ಎಚ್ಚರಿಸೋ ಆರ್‌ಡಬ್ಲ್ಯೂಆರ್ ಏನು ಹೇಳ್ತಿದೆ ಅಂತ ನೋಡಿ. ಮತ್ತೆ ಒಳಗೆ. ಝೂಮ್ ಮಾಡಿ, ಟ್ಯಾಂಕ್ ಹಿಡಿದು ಒತ್ತಿ, ಟಾರ್ಗೆಟ್ ಲಾಕ್ ಆಗೋ ತನಕ ಒತ್ತಿ ಒತ್ತಿ ಸರಿಸ್ತಾ ಇರಿ. ಕ್ರಾಸ್‌ಹೇರ್ ಅದರ ಜೊತೆ ಓಡಿದ್ದು ಕಂಡ್ರೆ ಒಂದು ಉಸಿರಿನಷ್ಟು ನೋಡಿ, ನಮ್ಮವನಲ್ಲ ತಾನೆ, ಸುಟ್ಟು ಹೋದ ಗಾಡಿ ಅಲ್ಲ ತಾನೆ ಅಂತ. ಸರಿ ಇದ್ರೆ ಬಿಡಿ.

ಬಿಟ್ಟ ಮೇಲೆ ಕ್ಯಾಮೆರಾದಿಂದ ತಕ್ಷಣ ಹೊರಗೆ ಬನ್ನಿ. ಈ ಮಿಸೈಲಿಗೆ ನಿಮ್ಮ ಸಹಾಯ ಇನ್ನು ಬೇಕಿಲ್ಲ, ಅದು ಫೈರ್ ಅಂಡ್ ಫರ್ಗೆಟ್. ಆದ್ರೂ ಹೊಡೆತ ಬೀಳೋದನ್ನ ನೋಡೋ ಆಸೆಗೆ ಜನ ಅದೇ ದಾರೀಲಿ ನೇರ ಹೋಗ್ತಾ ಇರ್ತಾರೆ, ಎಎಗೆ ಅದಕ್ಕಿಂತ ಸುಲಭದ ಟಾರ್ಗೆಟ್ ಇಲ್ಲ. ತೊಂಬತ್ತು ಡಿಗ್ರಿಗಿಂತ ಜಾಸ್ತಿ ತಿರುಗಿ, ಎತ್ತರ ಇಳಿಸಿ, ಗುಡ್ಡ ಇದ್ರೆ ಅದರ ಹಿಂದೆ ಹೋಗಿ. ಹೊಡೆತ ಬಿದ್ದಿದ್ದು ಸ್ಕ್ರೀನಲ್ಲಿ ತಾನಾಗೇ ಬರುತ್ತೆ.

ವೇಗ, ಎತ್ತರದ ಮಾತು ಸೇರಿಸ್ಬೇಕು. ಮ್ಯಾವೆರಿಕ್ ರಾಕೆಟ್ ಉರಿಯೋದು ಕೆಲವೇ ಸೆಕೆಂಡು, ಉಳಿದ ದಾರಿ ಅದು ಗಳಿಸಿದ ವೇಗದಲ್ಲೇ ಜಾರ್ಕೊಂಡು ಹೋಗುತ್ತೆ. ನೆಲಕ್ಕೆ ಹತ್ತಿರ ನಿಧಾನಕ್ಕೆ ಹೋಗ್ತಾ ದೂರದಿಂದ ಬಿಟ್ರೆ ಕೊನೇಲಿ ಅದಕ್ಕೆ ತಿರುಗೋ ಶಕ್ತಿನೇ ಇರಲ್ಲ, ಟ್ಯಾಂಕ್ ಸ್ವಲ್ಪ ಪಕ್ಕಕ್ಕೆ ಹೋದ್ರೆ ತಪ್ಪುತ್ತೆ. ಎತ್ತರದಿಂದ, ವೇಗ ಇಟ್ಕೊಂಡು ಬಿಟ್ರೆ ಎರಡು ಲಾಭ: ಬೇಗ ತಲುಪುತ್ತೆ, ಮೇಲಿಂದ ಬೀಳೋದ್ರಿಂದ ಟ್ಯಾಂಕಿನ ತೆಳು ಛಾವಣಿಗೆ ತಾಗುತ್ತೆ. ತೀರಾ ಹತ್ತಿರ ಹೋಗಿ ಬಿಡೋದೂ ಬೇಡ, ಲಾಂಚ್ ಆಗಿ ಮೂತಿ ತಿರುಗಿಸ್ಕೊಳ್ಳೋಕೆ ಅದಕ್ಕೂ ಜಾಗ ಬೇಕು. ಜೊತೆಗೆ ಸೀಕರ್ ಪಕ್ಕಕ್ಕೆ ತಿರುಗೋದಕ್ಕೆ ಮಿತಿ ಇದೆ, ಬಿಡೋ ತನಕ ಮೂತಿ ಟಾರ್ಗೆಟ್ ಕಡೆಗೇ ಇರ್ಲಿ, ಜಾಸ್ತಿ ತಿರುಗಿದ್ರೆ ಲಾಕ್ ಬಿಟ್ಟೋಗುತ್ತೆ.

ಇನ್ನು ಎಎ. ಮ್ಯಾವೆರಿಕ್ ಹಾಕ್ಕೊಂಡು ಹೋದಾಗ ನನ್ನ ಮೊದಲ ಮಿಸೈಲ್ ಯಾವಾಗ್ಲೂ ಎಎ ಗಾಡಿಗೆ, ಎಷ್ಟೇ ಒಳ್ಳೆ ಟ್ಯಾಂಕ್ ಕಣ್ಣಿಗೆ ಬಿದ್ರೂ. ಎಎ ಸತ್ರೆ ಉಳಿದ ಐದು ಮಿಸೈಲನ್ನ ನಿಧಾನಕ್ಕೆ ಎಣಿಸಿ ಹೊಡೀಬೋದು, ನಮ್ಮ ಕಡೆಯ ಬೇರೆ ಪೈಲಟ್‌ಗಳೂ ಬದುಕ್ತಾರೆ. ಎದುರಿಗೆ ಏನಿದೆ ಅನ್ನೋದನ್ನ ತಿಳ್ಕೊಳ್ಳಿ. ಸ್ಟ್ರೆಲಾ-10 ತರದ್ದಾದ್ರೆ ಅದರ ಕೈ ಸುಮಾರು 5 ಕಿಲೋಮೀಟರ್ ತನಕ, ತುಂಗುಸ್ಕಾ ಮಿಸೈಲ್ 8 ಕಿಲೋಮೀಟರ್, ಎಡಿಎಟಿಎಸ್ 10 ಕಿಲೋಮೀಟರ್, ಪಾಂಟ್ಸಿರ್ ಬಂದ್ರೆ 20 ಕಿಲೋಮೀಟರ್. ಮೊದಲೆರಡರ ಎದುರು ಮ್ಯಾವೆರಿಕ್ ಬಿ, ಡಿ ಇಟ್ಕೊಂಡು ಆಡ್ಬೋದು. ಪಾಂಟ್ಸಿರ್ ಎದುರು ಎ-10 ಎತ್ತರಕ್ಕೆ ಏರೋದೇ ತಪ್ಪು, ಅಲ್ಲಿ ಗುಡ್ಡದ ಮರೆಯಲ್ಲಿ ಹತ್ತಿರ ಬಂದು, ಎದ್ದು, ಲಾಕ್ ಮಾಡಿ, ಬಿಟ್ಟು, ಮತ್ತೆ ಮುಳುಗೋದೊಂದೇ ದಾರಿ. ಇತ್ತೀಚೆಗೆ ಐರಿಸ್-ಟಿ ತರದ ಇನ್ನೂ ದೂರ ಹೊಡೆಯೋ ಎಎಗಳೂ ಬಂದಿರೋದ್ರಿಂದ ಟಾಪ್ ಮ್ಯಾಚಲ್ಲಿ ಈ ಮುಳುಗಿ ಏಳೋ ಆಟ ಬಿಟ್ರೆ ಬೇರೆ ಗತಿ ಇಲ್ಲ.

ಆರ್‌ಡಬ್ಲ್ಯೂಆರ್ ಸುಮ್ನಿದೆ ಅಂತ ನೆಮ್ಮದಿಯಾಗಿ ಇರ್ಬೇಡಿ. ಅದು ರೇಡಾರಿಗೆ ಮಾತ್ರ ಕೂಗುತ್ತೆ. ಸ್ಟ್ರೆಲಾ ಶಾಖ ನೋಡಿ ಬರುತ್ತೆ, ಬ್ರಿಟನ್ನಿನ ಸ್ಟಾರ್‌ಸ್ಟ್ರೀಕ್ ಲೇಸರಲ್ಲಿ ಬರುತ್ತೆ, ಇವಕ್ಕೆ ಯಾವ ಎಚ್ಚರಿಕೆನೂ ಇಲ್ಲ. ಎಎ ರೇಂಜೊಳಗೆ ನೇರ ಗೆರೆಯಲ್ಲಿ ಹೋಗೋ ಪ್ರತಿ ಸೆಕೆಂಡಿಗೂ ಒಂದು ಕಾರಣ ಇರ್ಬೇಕು, ಲಾಕ್ ಮಾಡೋದು ಮಾತ್ರ ಆ ಕಾರಣ. ಎಎ ಎಲ್ಲಿದೆ ಅಂತ ಹುಡುಕೋಕೆ ಒಂದು ಒಳ್ಳೆ ದಾರಿ ಇದೆ: ಅದು ಬೇರೆ ಯಾರಿಗೋ ಮಿಸೈಲ್ ಬಿಟ್ಟಾಗ ನೆಲದಿಂದ ಬಿಳಿ ಹೊಗೆ ಗೆರೆ ಏಳುತ್ತೆ, ಆ ಗೆರೆಯ ಬುಡ ನೋಡ್ಕೊಳ್ಳಿ. ಬಹುಪಾಲು ಎಎ ಆಡೋರು ತಮ್ಮ ಸ್ಪಾನಿಂದ ದೂರ ಹೋಗಲ್ಲ, ಹಂಗಾಗಿ ಹೊಗೆ ಕಾಣದೇ ಇದ್ರೂ ಅಲ್ಲೇ ಮೊದಲು ನೋಡಿ. ಒಳ್ಳೆ ಎಎ ಆಟಗಾರ ನಿಮ್ಮ ಮ್ಯಾವೆರಿಕನ್ನೇ ರೇಡಾರಲ್ಲಿ ಹಿಡಿದು ಹೊಡೆದು ಹಾಕ್ತಾನೆ, ಪಾಂಟ್ಸಿರಿಗೆ ಅದು ಚೆನ್ನಾಗಿ ಬರುತ್ತೆ. ಅಂಥವನ ಮೇಲೆ ಒಂದರ ಹಿಂದೆ ಒಂದು ಎರಡು ಬಿಡಿ, ಒಂದನ್ನ ಹೊಡೆಯೋ ಹೊತ್ತಲ್ಲಿ ಇನ್ನೊಂದು ತಲುಪುತ್ತೆ. ಒಬ್ಬ ಎಎಗೆ ಎರಡು ಮಿಸೈಲ್ ಖರ್ಚು ಮಾಡೋದು ನಷ್ಟ ಅಲ್ಲ.

ಬಿಡಬಾರದ ಸಮಯಗಳೂ ಇವೆ. ಟ್ಯಾಂಕ್ ಹೊಗೆ ಹಾಕ್ಕೊಂಡ್ರೆ ಟಿವಿ ಸೀಕರ್‌ಗೆ ಏನೂ ಕಾಣಲ್ಲ, ಹೊಗೆ ಮೇಲೆ ಪಾಯಿಂಟ್ ಹಾಕಿ ಬಿಡೋದು ಅದೃಷ್ಟದಾಟ, ಒಂದು ಸುತ್ತು ಹಾಕಿ ಬನ್ನಿ, ಹೊಗೆ ಜಾಸ್ತಿ ಹೊತ್ತು ನಿಲ್ಲಲ್ಲ. ಉರೀತಿರೋ ಗಾಡಿ ಥರ್ಮಲಲ್ಲಿ ಬದುಕಿರೋ ಟ್ಯಾಂಕಿಗಿಂತ ಜಾಸ್ತಿ ಹೊಳೆಯುತ್ತೆ, ಡಿ ಇಟ್ಕೊಂಡಿರೋರು ಮೊದಲು ಮೋಸ ಹೋಗೋದು ಇದಕ್ಕೇ. ಬದುಕಿರೋ ಟ್ಯಾಂಕಲ್ಲಿ ಇಂಜಿನ್ ಭಾಗ ಬಿಸಿ, ಮುಂದಿನ ಭಾಗ ತಣ್ಣಗೆ, ಹಿಂಗೆ ವ್ಯತ್ಯಾಸ ಕಾಣುತ್ತೆ, ಸುಟ್ಟಿದ್ದು ಇಡೀ ಒಂದೇ ಬೆಳ್ಳಗೆ ಕಾಣುತ್ತೆ. ಟ್ಯಾಂಕ್ ಮನೆ ಗೋಡೆಗೆ ಒತ್ತಿ ನಿಂತಿದ್ರೆ ಗೋಡೆಯ ಇನ್ನೊಂದು ಕಡೆಯಿಂದ ಬರೋ ಮಿಸೈಲ್ ಮನೆಯ ಛಾವಣಿಗೆ ತಾಗುತ್ತೆ, ಟ್ಯಾಂಕ್ ಕಡೆ ತೆರೆದಿರೋ ದಿಕ್ಕಿಂದ ಬನ್ನಿ. ಇಸ್ರೇಲಿನ ಮೆರ್ಕಾವಾ ಎಂಕೆ-4ಎಂ ತರದ ಟ್ಯಾಂಕಿಗೆ ಟ್ರೋಫಿ ಇದೆ, ಬರೋ ಮಿಸೈಲನ್ನ ಗಾಳೀಲೇ ಒಡೆಯುತ್ತೆ, ಅದರ ಮೇಲೆ ಒಂದೇ ಮಿಸೈಲ್ ನಂಬ್ಕೊಂಡು ಕೂರ್ಬೇಡಿ. ಕೊನೇದಾಗಿ ನಮ್ಮವರ ಪಕ್ಕದಲ್ಲೇ ನಿಂತು ಹೊಡೆದಾಡ್ತಿರೋ ಟ್ಯಾಂಕ್, ಅಲ್ಲಿ ಲಾಕ್ ಯಾವುದಕ್ಕೆ ಕೂತಿದೆ ಅಂತ ಪೂರ್ತಿ ಗೊತ್ತಿಲ್ಲದಿದ್ರೆ ಬಿಡ್ಲೇಬೇಡಿ. ಅವನು ಎಷ್ಟೋ ಹೊತ್ತಿಂದ ಆ ಜಾಗ ಹಿಡಿದು ಆಡ್ತಿರ್ತಾನೆ, ನಿಮ್ಮ ಅವಸರಕ್ಕೆ ಅವನ ಮ್ಯಾಚ್ ಹಾಳಾಗ್ಬಾರ್ದು.

ಯಾವ ವಿಮಾನ ಅಂತ ಕೇಳ್ತಾರೆ. ಎ-10 ನಿಧಾನ, ಹಿಂದಿನಿಂದ ಯಾವ ಜೆಟ್ ಬಂದ್ರೂ ಓಡೋಕಾಗಲ್ಲ, ಆದ್ರೆ ಮ್ಯಾವೆರಿಕ್ ಕಲಿಯೋಕೆ ಅದೇ ಒಳ್ಳೇದು, ನಿಧಾನ ಇರೋದ್ರಿಂದ ಹುಡುಕೋಕೆ ಟೈಮ್ ಸಿಗುತ್ತೆ, 30 ಎಂಎಂ ಗನ್ನೂ ಇದೆ, ಲೈಟ್ ಗಾಡಿಗಳಿಗೆ ಮಿಸೈಲ್ ಖರ್ಚು ಮಾಡ್ಬೇಕಿಲ್ಲ. ಎಫ್-16 ವೇಗದಲ್ಲಿ ಬಂದು ಬಿಟ್ಟು ಹೋಗೋಕೆ ಚೆನ್ನ, ವಾಯು ಯುದ್ಧನೂ ಮಾಡುತ್ತೆ, ಆದ್ರೆ ಆ ವೇಗದಲ್ಲಿ ಲಾಕ್ ಮಾಡೋಕೆ ಸಿಗೋ ಸಮಯ ಅರ್ಧ. ಎಫ್-16ಸಿ, ಎಫ್-15ಇ ತರದವಕ್ಕೆ ಟಾರ್ಗೆಟಿಂಗ್ ಪಾಡ್ ಬರುತ್ತೆ, ಪಾಡಲ್ಲಿ ದೂರದಿಂದ ಹುಡುಕಿ ಪಾಯಿಂಟ್ ಹಾಕಿ ಸೀಕರನ್ನ ಅಲ್ಲಿಗೆ ಕಳಿಸ್ಬೋದು, ಆಗ ಸ್ಟ್ರಾದ ಕಷ್ಟ ಬಹಳ ಕಮ್ಮಿ ಆಗುತ್ತೆ. ಆದ್ರೂ ಮೊದಲು ಪಾಡಿಲ್ಲದೇ ಕಲೀರಿ ಅಂತೀನಿ, ನೆಲ ಓದೋ ಅಭ್ಯಾಸ ಆಗ ಬರುತ್ತೆ.

ಯಾವಾಗ ವಿಮಾನ ತಗೋಬೇಕು ಅನ್ನೋದಕ್ಕೆ ಸ್ಪಾನ್ ಪಾಯಿಂಟ್ ಲೆಕ್ಕ ಇದೆ, ಮ್ಯಾಚಲ್ಲಿ ಗಳಿಸಿದ ಈ ಪಾಯಿಂಟ್ ಕೊಟ್ಟೇ ವಿಮಾನ ತಗೋಬೇಕು, ಗೈಡೆಡ್ ಆಯುಧ ಹಾಕಿದ್ರೆ ವಿಮಾನದ ಬೆಲೆ ಜಾಸ್ತಿ. ಕೆಳಗೆ ಒಂದು ಕ್ಯಾಪ್, ಒಂದೆರಡು ಕಿಲ್ ಆದ್ಮೇಲೆ ಪಾಯಿಂಟ್ ಸೇರಿರುತ್ತೆ. ಆಗ ಆಕಾಶದಲ್ಲಿ ಶತ್ರು ಜೆಟ್ ಇದ್ಯಾ ನೋಡಿ, ಇದ್ರೆ ನಮ್ಮ ಫೈಟರ್ ಯಾರಾದ್ರೂ ಮೇಲೆ ಇದಾರಾ ನೋಡಿ. ಶತ್ರು ಜೆಟ್ ಇಲ್ಲದ ಹೊತ್ತು, ಇಲ್ಲಾ ಇದ್ರೂ ನಮ್ಮ ಫೈಟರ್ ಮೇಲೆ ಇರೋ ಹೊತ್ತು ಮ್ಯಾವೆರಿಕ್‌ಗೆ ಒಳ್ಳೆ ಹೊತ್ತು. ನಮ್ಮ ಎರಡು ಕ್ಯಾಪ್ ಹೋಗಿ ಸೋಲ್ತಾ ಇರೋ ಮ್ಯಾಚಲ್ಲಿ ಎಲ್ಲರೂ ವಿಮಾನ ತಗೊಂಡ್ರೆ ನೆಲದಲ್ಲಿ ಹಿಡಿಯೋರೇ ಇರಲ್ಲ, ಆಗ ಟ್ಯಾಂಕಲ್ಲೇ ಇರಿ.

ಮಿಸೈಲ್ ಎಲ್ಲ ಖಾಲಿ ಆದ್ಮೇಲೆ ಗನ್ ತಗೊಂಡು ಡೈವ್ ಹೊಡೆಯೋ ಆಸೆ ಬರುತ್ತೆ, ಎಎ ಸತ್ತಿದೆ ಅಂತ ಖಾತ್ರಿ ಇದ್ರೆ ಮಾತ್ರ ಮಾಡಿ. ಇಲ್ಲಾಂದ್ರೆ ನೆಲಕ್ಕೆ ಅಂಟ್ಕೊಂಡು ನಮ್ಮ ಏರ್‌ಫೀಲ್ಡಿಗೆ ವಾಪಸ್ ಹೋಗಿ ಇಳೀರಿ. ರನ್‌ವೇ ಮೇಲೆ ಪೂರ್ತಿ ನಿಂತ್ರೆ ಮಿಸೈಲ್, ಫ್ಲೇರ್ ಎಲ್ಲ ಮತ್ತೆ ತುಂಬುತ್ತೆ, ಹೊಸದಾಗಿ ಸ್ಪಾನ್ ಪಾಯಿಂಟ್ ಕೊಡ್ಬೇಕಿಲ್ಲ. ಇಳಿಯೋವಾಗ ದೂರದಲ್ಲೇ ವೇಗ ಇಳಿಸಿ, ಏರ್‌ಬ್ರೇಕ್ ತೆಗೀರಿ, ಲ್ಯಾಂಡಿಂಗ್ ಗೇರ್ ಮರೀಬೇಡಿ. ತುಂಬೋ ಹೊತ್ತಲ್ಲಿ ಕೈ ಖಾಲಿ ಇರುತ್ತಲ್ಲ, ಮ್ಯಾಪ್ ತೆಗೆದು ಮುಂದಿನ ಟಾರ್ಗೆಟ್ ಎಲ್ಲಿದೆ ಅಂತ ಆವಾಗ್ಲೇ ನೋಡಿಟ್ಕೊಳ್ಳಿ.